ಎಲೆನ್ ಮೇಡಂ ಕೇಳಿದ ರೈಲ್ವೆ ಗೇಟು

ನನ್ನ ಕೆಲಸ ಏನೆಂದು ಊರಿನಲ್ಲಿ ಯಾರಿಗೂ ಸರಿಯಾಗಿ ತಿಳಿಸಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ಉಳ್ಳಾಲದ ಒಬ್ಬ ಬ್ಯಾರಿ ಮಾಸ್ಟ್ರು ಸೌದಿಯ ಅಭಾದಲ್ಲಿ ಕೂತು, ಅಮೆರಿಕದ ಪ್ರಜೆಗಳು ತಮ್ಮ ಸರ್ಕಾರವನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಈಜಿಪ್ಟ್, ಪಾಕಿಸ್ತಾನ, ಕೇರಳದ ಡಾಕ್ಟರುಗಳ ಮಕ್ಕಳಿಗೆ ಪಾಠ ಹೇಳುತ್ತಾನೆ ಎಂದರೆ ಯಾರು ನಂಬುತ್ತಾರೆ? ರಜೆಯಲ್ಲಿ ಹೋದಾಗ ನನ್ನ ಭಾವ ಪ್ರತಿ ಸಲವೂ ಕೇಳುತ್ತಿದ್ದರು.

“ನೀನು ಅಮೆರಿಕಕ್ಕೆ ಹೋಗಿದ್ದೀಯಾ?”

“ಇಲ್ಲ.”

“ಮತ್ತೆ ಎಂತ ಪಾಠ ಹೇಳುದು ಮಾರಾಯ?”

“ಪುಸ್ತಕ ಉಂಟಲ್ಲ ಭಾವ.”

ಅವರು ನಗುತ್ತಿದ್ದರು. ಅಮೆರಿಕದ ಪಠ್ಯಕ್ರಮವಿರುವ ಶಾಲೆಗಳು ಸೌದಿಯ ತುಂಬ ಇವೆ. ಅಂಥದೊಂದು ಶಾಲೆಯಲ್ಲಿ ನನ್ನ ತಲೆಗೂದಲು ಕಪ್ಪಿದ್ದಾಗ ಸೇರಿ, ಬೆಳ್ಳಗಾದ ಮೇಲೆ ನಿವೃತ್ತನಾದೆ. ಈಗ ಈ ದೇಶ ಬಿಟ್ಟು ಹೋಗುವ ಫೈನಲ್ ಎಕ್ಸಿಟ್ ಕಾಗದಕ್ಕೆ ಕಾಯುತ್ತಿದ್ದೇನೆ. ನನ್ನ ಜಾಗಕ್ಕೆ, ಇಂಥ ಶಾಲೆಗಳಿಗೆ, ಊರ ಕಡೆಯಿಂದ ಬರುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪ್ರಶಸ್ತಿಪತ್ರಗಳ ವಿಷಯ ಬರೆಯುವುದಿಲ್ಲ. ಅವನ್ನು ಗೋಡೆಯಿಂದ ಇಳಿಸುವಾಗ ಬಣ್ಣ ಕಿತ್ತುಕೊಂಡು ಬಂತು, ಮನೆ ಮಾಲೀಕನಿಂದ ಬೈಸಿಕೊಂಡೆ, ಅಷ್ಟೇ ಅವುಗಳ ಕಥೆ.

ಮೊದಲ ವರ್ಷ ನಮಗಿದ್ದ ಮುದೀರ್, ಅಂದರೆ ಮುಖ್ಯೋಪಾಧ್ಯಾಯರು, ಜೋರ್ಡಾನಿನವರು. ಬಹಳ ಕಟ್ಟುನಿಟ್ಟು. ನನ್ನನ್ನು ಕೂರಿಸಿಕೊಂಡು ಒಂದೇ ಮಾತು ಹೇಳಿದರು. “ಪಾಠ ಅವರ ದೇಶದ್ದು. ಪಾಠ ಹೇಳು. ಯಾವ ದೇಶದ ಜೊತೆಗೂ ಹೋಲಿಸಬೇಡ.” ಅದು ಒಳ್ಳೆಯ ಸಲಹೆ, ನೀವೂ ಪಾಲಿಸಿ. ಆದರೆ ಮಕ್ಕಳು ಹೋಲಿಸುತ್ತಾರೆ, ಅವರ ಬಾಯಿಗೆ ಬೀಗ ಹಾಕಲು ಯಾರಿಂದಾಗುತ್ತದೆ? ಮತದಾನದ ಪಾಠ ಮುಗಿಸಿದ ದಿನವೇ ಒಬ್ಬಳು ಕೈಯೆತ್ತಿ, “ಸರ್, ನೀವು ನಿಮ್ಮ ದೇಶದಲ್ಲಿ ಯಾರಿಗೆ ವೋಟು ಹಾಕಿದ್ದೀರಿ?” ಎಂದಳು.

ನಾನು ಹಾಕಿರಲಿಲ್ಲ. ಒಮ್ಮೆಯೂ ಇಲ್ಲ. ವಯಸ್ಸು ತುಂಬಿದ ಹೊತ್ತಿಗೆ ಓದಿಗೆಂದು ಬೇರೆ ಊರಲ್ಲಿದ್ದೆ, ಓದು ಮುಗಿದದ್ದೇ ಗಲ್ಫ್ ವಿಮಾನ ಹತ್ತಿದೆ. ಆಮೇಲೆ ನಮ್ಮಂಥವರಿಗೂ ಹೆಸರು ನೋಂದಾಯಿಸುವ ಅವಕಾಶ ಬಂತು, ಆದರೆ ಮತಗಟ್ಟೆಗೆ ಖುದ್ದಾಗಿ ಹೋಗಬೇಕು. ಚುನಾವಣೆಯ ದಿನಕ್ಕೆ ಸರಿಯಾಗಿ ರಜೆ ಕೊಡುವ ಯಜಮಾನನನ್ನು, ಇಲ್ಲಿನ ಮಾತಲ್ಲಿ ಕಫೀಲ್‌ನನ್ನು ನಾನಂತೂ ಕಂಡಿಲ್ಲ. ಆ ಹುಡುಗಿಗೆ, “ಅದು ಗುಟ್ಟಿನ ವಿಷಯ, ಹೇಳಬಾರದು” ಎಂದು ತಪ್ಪಿಸಿಕೊಂಡೆ.

ಆಗ ಪಾಠವೆಂದರೆ ಚಿತ್ರಪಟ. ಮಸೂದೆಯೊಂದು ಕಾನೂನಾಗುವವರೆಗೆ ಯಾವ ಯಾವ ಬಾಗಿಲು ದಾಟುತ್ತದೆ ಎಂಬುದನ್ನು ಬಾಣದ ಗುರುತು ಹಾಕಿ ಬಿಡಿಸುವುದು. ಮಕ್ಕಳು ಬಾಣಗಳನ್ನು ಚೆನ್ನಾಗಿ ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು, ನಾನೂ ಹೆಮ್ಮೆಪಡುತ್ತಿದ್ದೆ. ಅದೆಲ್ಲ ಬದಲಾದದ್ದು ಎಲೆನ್ ಮೇಡಂ ಬಂದ ಮೇಲೆ.

ಎಲೆನ್ ಮೇಡಂ ನಮ್ಮ ಶಾಲೆಯ ಗ್ರಂಥಾಲಯ ನೋಡಿಕೊಳ್ಳಲು ಬಂದ ಅಮೆರಿಕದ ಹೆಂಗಸು. ತೆಳ್ಳಗೆ, ಎತ್ತರ, ಮಾತು ಕಡಿಮೆ. ಬೆಟ್ಟದ ಮೇಲಿನ ಅಭಾದ ಚಳಿಗೆ ನಾವೆಲ್ಲ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ನಡುಗುವಾಗ ಅವರು ಕಿಟಕಿ ತೆರೆದು ಮಂಜು ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಹೊಲಗಳ ನಡುವಿನ ಒಂದು ಸಣ್ಣ ಊರು ಅವರದು. ಆ ಊರಿನ ಹೊರಗೆ ರೈಲು ಹಳಿ ರಸ್ತೆಯನ್ನು ದಾಟುತ್ತದೆ. ಅಲ್ಲಿ ಗೇಟಿಲ್ಲ, ಗಂಟೆಯಿಲ್ಲ, ಒಂದು ಬೋರ್ಡು ಮಾತ್ರ. ಜೋಳ ಎತ್ತರಕ್ಕೆ ಬೆಳೆದಾಗ ಬರುವ ರೈಲು ಕಾಣುವುದಿಲ್ಲ. ಅವರ ಒಬ್ಬಳೇ ಮಗಳು ರೂತ್, ಕೆಲಸಕ್ಕೆ ಹೋಗುವಾಗ ಅಲ್ಲೇ ತೀರಿಕೊಂಡಳು. ಅಮೆರಿಕದಲ್ಲೂ ಗೇಟಿಲ್ಲದ ರೈಲು ದಾರಿ ಇರುತ್ತದೆಯೇ ಎಂದು ನಾನು ದಡ್ಡನಂತೆ ಕೇಳಿದೆ. “ತುಂಬ ಇವೆ” ಎಂದರು.

ಆ ದಾರಿಗೊಂದು ಗೇಟು ಹಾಕಿಸಬೇಕು. ಅವರ ಬದುಕಿನಲ್ಲಿ ಉಳಿದ ಕೆಲಸ ಅದೊಂದೇ. ರಸ್ತೆ ಅವರ ಕೌಂಟಿಗೆ ಸೇರಿದ್ದು. ಕೌಂಟಿಯೆಂದರೆ ನಮ್ಮ ತಾಲೂಕಿನ ಹಾಗೆ ಎಂದುಕೊಳ್ಳಿ, ಅದನ್ನು ನಡೆಸಲು ಊರವರು ಆರಿಸಿದ ಸದಸ್ಯರ ಒಂದು ಸಭೆ ಇರುತ್ತದೆ. ಆ ಸಭೆ ತನ್ನ ಪಾಲಿನ ಖರ್ಚಿಗೆ ಒಪ್ಪಿ ರಾಜ್ಯಕ್ಕೆ ಕೇಳಿಕೊಂಡರೆ, ರಾಜ್ಯ ಮತ್ತು ರೈಲು ಕಂಪನಿ ಸೇರಿ ಗೇಟು ಹಾಕುತ್ತವೆ. ಸದಸ್ಯರು ಒಪ್ಪುತ್ತಿರಲಿಲ್ಲ. ಅಲ್ಲಿ ಬೆಳಗ್ಗೆ ಸಭೆ ಸೇರಿದರೆ ಇಲ್ಲಿ ಶಾಲೆ ಬಿಟ್ಟು ಸಾಯಂಕಾಲದ ಅಸರ್ ನಮಾಜು ಮುಗಿದಿರುತ್ತಿತ್ತು. ಮೇಡಂ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಸಭೆಗೆ ಸೇರಿಕೊಂಡು ಕಾಯುತ್ತಿದ್ದರು. ಯಾವ ಪ್ರಜೆ ಬೇಕಾದರೂ ಮೂರು ನಿಮಿಷ ಮಾತನಾಡಬಹುದು, ಸದಸ್ಯರು ಕೂತು ಕೇಳಲೇಬೇಕು. ಮೂರು ನಿಮಿಷವಾದದ್ದೇ ಗಂಟೆ ಬಾರಿಸುತ್ತಾರೆ. ಮೇಡಂ ಪ್ರತಿ ಸಭೆಯಲ್ಲೂ ಗೇಟಿನ ಮಾತನ್ನೇ ಆಡುತ್ತಿದ್ದರು. ಸದಸ್ಯರು ಧನ್ಯವಾದ ಹೇಳಿ ಮುಂದಿನವರನ್ನು ಕರೆಯುತ್ತಿದ್ದರು.

“ನಿಮಗೆ ಬೇಸರ ಆಗುವುದಿಲ್ಲವೇ?” ಎಂದೆ ಒಮ್ಮೆ.

“ಅವರಿಗೆ ಬೇಸರ ಆಗಲಿ ಅಂತಲೇ ಮಾಡುವುದು” ಎಂದರು.

ಈ ಮಾತನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ಅಧ್ಯಕ್ಷರ ಚುನಾವಣೆಯ ಗದ್ದಲವನ್ನೇ ಅಮೆರಿಕದ ರಾಜಕೀಯ ಎಂದುಕೊಂಡಿದ್ದೆ. ಮೇಡಂ ಅದರ ಬಗ್ಗೆ ತಲೆ ಕೆಡಿಸಿಕೊಂಡದ್ದು ಕಡಿಮೆ. ಅವರು ಮತ ಹಾಕುವಾಗ ಮೊದಲು ನೋಡುತ್ತಿದ್ದದ್ದು ಮತಪತ್ರದ ಅಡಿಯಲ್ಲಿ ಸಣ್ಣದಾಗಿ ಅಚ್ಚಾದ ಹೆಸರುಗಳನ್ನು. ಕೌಂಟಿ ಸಭೆಗೆ ಯಾರು, ಶಾಲಾ ಮಂಡಳಿಗೆ ಯಾರು ಎಂದು. ಮೇಡಂ ಅವರನ್ನು ತರಗತಿಗೆ ಕರೆದು ಮಾತನಾಡಿಸಿದೆ. ಬಾಣಗಳ ಚಿತ್ರಪಟ ಸುತ್ತಿಟ್ಟೆ. ಮಕ್ಕಳೇ ಸದಸ್ಯರು, ಮಕ್ಕಳೇ ಪ್ರಜೆಗಳಾಗಿ ತರಗತಿಯಲ್ಲಿ ಸಭೆ ನಡೆಸತೊಡಗಿದರು. ಕ್ಯಾಂಟೀನಿನ ಸಮೋಸದಿಂದ ಹಿಡಿದು ಬಸ್ಸಿನ ಎ.ಸಿ.ವರೆಗೆ ಮೂರು ಮೂರು ನಿಮಿಷ ವಾದ. ನಿಮಗೆ ನಾನು ಕೊಡಬಹುದಾದ ಒಂದೇ ಉಪಾಯ ಇದು, ಚಿತ್ರಪಟ ಸುತ್ತಿಡಿ.

ಇನ್ನು ಜಾಫರ್ ಭಾಯಿಯ ವಿಷಯ. ಅವರು ಭಟ್ಕಳದವರು, ನಮ್ಮ ಶಾಲೆಯ ಆಫೀಸು ನೋಡಿಕೊಳ್ಳುತ್ತಿದ್ದರು. ವಾಸದ ಪರವಾನಗಿಯಾದ ಇಕಾಮಾದ ನವೀಕರಣ, ರಜೆಯ ವೀಸಾ, ನಗರಸಭೆಯ ಅಂದರೆ ಬಲದಿಯಾದ ಕಾಗದ, ಎಲ್ಲ ಅವರ ಕೈಯಲ್ಲೇ. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ, ಹಾಗಾಗಿ ನಮ್ಮಿಬ್ಬರ ಮಾತು ಕನ್ನಡದಲ್ಲಿ. ದಪ್ಪ ಶರೀರ, ದೊಡ್ಡ ನಗು. ಅವರ ಮೇಜಿನ ಮೇಲೆ ಶಾಲೆಯ ಮೊಹರು ಯಾವಾಗಲೂ ಶಾಯಿಯ ಡಬ್ಬಿಯ ಪಕ್ಕದಲ್ಲಿ ಸಿದ್ಧವಾಗಿರುತ್ತಿತ್ತು. ಮೊಹರಿಲ್ಲದ ಕಾಗದವನ್ನು ಅವರು ಕಾಗದವೆಂದೇ ಎಣಿಸುತ್ತಿರಲಿಲ್ಲ. ಅದು ಅವರ ತಪ್ಪಲ್ಲ, ಇಲ್ಲಿನ ಕಚೇರಿಗಳಲ್ಲೂ ನಮ್ಮೂರಿನ ಕಚೇರಿಗಳಲ್ಲೂ ಕೆಲಸ ನಡೆಯುವುದೇ ಹಾಗೆ.

ನಾನು ತಂಗಿಯ ಮಗಳ ಮದುವೆಗೆ ಊರಿಗೆ ಹೋಗಿದ್ದಾಗ ಅದು ನಡೆಯಿತು. ಮೇಡಂಗೆ ಸಹಾಯವಾಗುವ ಹಾಗೆ ಏನಾದರೂ ಬರೆಯಬೇಕೆಂದು ನನ್ನ ತರಗತಿಯ ಮಕ್ಕಳಿಗೆ ಅನ್ನಿಸಿತಂತೆ. ಅಂಚೆಯ ಬಗ್ಗೆ ಕೇಳಲು ಆಫೀಸಿಗೆ ಹೋದರು. ಜಾಫರ್ ಭಾಯಿಗೆ ಉತ್ಸಾಹ ಉಕ್ಕಿತು. ಮಕ್ಕಳ ಕಾಗದವನ್ನು ಬದಿಗಿಟ್ಟು, ತಾವೇ ಕೂತು ಭಾರಿ ಇಂಗ್ಲಿಷಿನಲ್ಲಿ ಒಂದು ಮನವಿ ತಯಾರಿಸಿದರು. ಶಾಲೆಯ ಲೆಟರ್‌ಹೆಡ್, ಮೇಲೆ ಅರಬಿ, ಕೆಳಗೆ ಇಂಗ್ಲಿಷ್. ಮಕ್ಕಳು, ಮಾಸ್ಟ್ರುಗಳು, ಬಸ್ ಡ್ರೈವರುಗಳು, ಆಸ್ಪತ್ರೆಯ ನರ್ಸುಗಳು, ಎದುರಿನ ಬ್ರೋಸ್ಟೆಡ್ ಕೋಳಿ ಅಂಗಡಿಯವನು, ಸಿಕ್ಕಿದವರೆಲ್ಲರ ಸಹಿ. ಪ್ರತಿ ಪುಟಕ್ಕೂ ಮೊಹರು. ಕೊನೆಗೆ ‘ಪ್ರತಿಗಳು’ ಎಂದು ಬರೆದು ರಾಜ್ಯಪಾಲರಿಂದ ಅಧ್ಯಕ್ಷರವರೆಗೆ ಎಲ್ಲ ದೊಡ್ಡವರ ಹೆಸರು. ಮೇಡಂಗೆ ಗೊತ್ತಾಗದೇ ಇರಲಿ ಎಂದು ಯಾರಿಗೂ ಹೇಳದೆ ಕೊರಿಯರ್ ಮಾಡಿದರು.

ನಾನು ವಾಪಸು ಬಂದಾಗ ಹೆಮ್ಮೆಯಿಂದ ಹೇಳಿದರು. “ಮಾಸ್ಟ್ರೇ, ನೋಡಿ ಇನ್ನು. ಇಷ್ಟು ಜನ ಸಹಿ ಹಾಕಿದ್ದು ಕಂಡ್ರೆ ಯಾರಾದ್ರೂ ಹೆದರ್ಲಿಕ್ಕೇ ಬೇಕು. ಒಬ್ರು ಹೆಂಗಸು ಒಂದೇ ಮಾತು ಹೇಳ್ತಾ ಕೂತ್ರೆ ಯಾರು ಕೇಳ್ತಾರೆ?”

ಅಲ್ಲಿ ಹೆಸರು ಎಷ್ಟಿದೆ ಎನ್ನುವುದಕ್ಕಿಂತ ಯಾವ ಊರಿನದು ಎಂದು ಮೊದಲು ನೋಡುತ್ತಾರೆ. ತನ್ನ ಮತದಾರರ ಒಂದು ಸಾಲಿಗೆ ಬೆವರುವ ಸದಸ್ಯ, ಹೊರಗಿನ ಊರಿಡೀ ಸಹಿ ಹಾಕಿದರೂ ಕ್ಯಾರೇ ಅನ್ನುವುದಿಲ್ಲ. ಆದರೆ ಆ ಮುಖ ನೋಡಿ ನನಗೆ ಹೇಳಲು ಬಾಯಿ ಬರಲಿಲ್ಲ, ಮನವಿ ಆಗಲೇ ತಲುಪಿಯೂ ಆಗಿತ್ತು.

ಮುಂದಿನ ಸಭೆಯ ದಿನ ಮೇಡಂ ನಮ್ಮನ್ನೂ ಗ್ರಂಥಾಲಯಕ್ಕೆ ಕರೆದರು. ಗೇಟಿನ ಪ್ರಸ್ತಾಪ ಅಂದು ಮತಕ್ಕೆ ಬರುವುದಿತ್ತು, ಕೆಲವು ಸದಸ್ಯರು ಒಲಿದಿದ್ದಾರೆ ಎಂದು ಅವರಿಗೆ ಸುದ್ದಿ ಬಂದಿತ್ತು. ಜಾಫರ್ ಭಾಯಿ ಸುಲೇಮಾನಿ ಚಹಾದ ಫ್ಲಾಸ್ಕ್ ಹಿಡಿದುಕೊಂಡೇ ಬಂದರು. ಪರದೆಯ ಮೇಲೆ ಒಬ್ಬ ಸದಸ್ಯ ನಮ್ಮ ಮನವಿಯನ್ನು ಎತ್ತಿ ತೋರಿಸಿದ. ಅರಬಿ ಅಕ್ಷರದ ಮೊಹರು ಇಲ್ಲಿಗೂ ಸ್ಪಷ್ಟವಾಗಿ ಕಂಡಿತು.

“ನಮ್ಮ ರಸ್ತೆ, ನಮ್ಮ ತೆರಿಗೆ” ಎಂದ ಅವನು. “ಸೌದಿ ಅರೇಬಿಯಾದವರಿಗೆ ಇದರಲ್ಲಿ ಏನು ಆಸಕ್ತಿ? ಇದರ ಹಿಂದೆ ಯಾರಿದ್ದಾರೆ?”

ಕೆಲವರು ನಕ್ಕರು. ಒಬ್ಬಳು ಗಂಭೀರವಾಗಿ, ಇದನ್ನು ವಕೀಲರಿಗೆ ತೋರಿಸಬೇಕು ಎಂದಳು. ಮೇಡಂ ನಮ್ಮ ಕಡೆ ತಿರುಗಿ ನೋಡಿದರು. ಜಾಫರ್ ಭಾಯಿಯ ಕೈಯಲ್ಲಿ ಫ್ಲಾಸ್ಕ್ ಹಾಗೆಯೇ ಉಳಿಯಿತು.

ಅವರ ಸರದಿ ಬಂತು. ಗೇಟಿನ ಬಗ್ಗೆ ಹೇಳಬೇಕಾದ ಮೂರು ನಿಮಿಷವನ್ನು ಅವರು ನಮ್ಮ ಬಗ್ಗೆ ಹೇಳಲು ಖರ್ಚು ಮಾಡಿದರು. “ಅವರು ನನ್ನ ಜೊತೆ ಕೆಲಸ ಮಾಡುವವರು. ಇವರು ನನ್ನ ಶಾಲೆಯ ಮಕ್ಕಳ ಬಸ್ಸು ಓಡಿಸುವವರು. ಹಿಂದೆ ಯಾರೂ ಇಲ್ಲ. ಈ ಕಾಗದಕ್ಕೆ ಸಹಿ ಹಾಕಿದ ಪ್ರತಿಯೊಬ್ಬರಿಗೂ ನನ್ನ ಮಗಳ ಹೆಸರು ಗೊತ್ತಿದೆ. ಈ ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತಿದೆ?”

ಗಂಟೆ ಬಾರಿಸಿದರು. ಪ್ರಸ್ತಾಪವನ್ನು ಮುಂದಿನ ವರ್ಷದ ಬಜೆಟ್ಟಿಗೆ ತಳ್ಳಿದರು. ಮೇಡಂ ಕಂಪ್ಯೂಟರ್ ಮುಚ್ಚಿ, ಮೂರು ಲೋಟ ತಂದು, ಜಾಫರ್ ಭಾಯಿಯ ಕೈಯಿಂದ ಫ್ಲಾಸ್ಕ್ ತೆಗೆದುಕೊಂಡು ತಾವೇ ಚಹಾ ಬಗ್ಗಿಸಿದರು. ಒಂದು ಕೆಟ್ಟ ಮಾತು ಆಡಲಿಲ್ಲ. ಬೈದಿದ್ದರೆ ಜಾಫರ್ ಭಾಯಿಗೆ ಹಗುರವಾಗುತ್ತಿತ್ತೋ ಏನೋ.

ಆ ವರ್ಷದ ಜೋಳ ಎತ್ತರಕ್ಕೆ ಬಂದಾಗ, ಅದೇ ದಾರಿಯಲ್ಲಿ ಹಾಲಿನ ಟ್ಯಾಂಕರಿನ ಚಾಲಕನೊಬ್ಬ ರೈಲಿಗೆ ಸಿಕ್ಕಿ ಸತ್ತ.

ಮೇಡಂ ಅದನ್ನು ನನಗೆ ಹೇಳಿದರು, ಜಾಫರ್ ಭಾಯಿಗೆ ಹೇಳುವುದು ಬೇಡವೆಂದರು. ಆದರೆ ಶಾಲೆಯಲ್ಲಿ ಯಾವ ಮಾತು ನಿಲ್ಲುತ್ತದೆ? ಅಂದು ಮಧ್ಯಾಹ್ನ ಆಫೀಸಿಗೆ ಹೋದರೆ ಅವರು ಬಾಗಿಲು ಹಾಕಿಕೊಂಡು ಕೂತಿದ್ದರು. ಕಣ್ಣು ಕೆಂಪಾಗಿತ್ತು.

“ಮಾಸ್ಟ್ರೇ, ನಾನು ಆ ಮೊಹರು ಒತ್ತದಿದ್ರೆ ಅವ ಬದುಕ್ತಿದ್ನಾ?”

“ಹಾಗೆಲ್ಲ ಹೇಳಬೇಡಿ ಜಾಫರ್ ಭಾಯ್. ಅಲ್ಲಾಹು ಇಟ್ಟದ್ದು.”

“ಅದು ನಂಗೂ ಗೊತ್ತುಂಟು. ನಾನು ಕೇಳಿದ್ದು ಬೇರೆ.”

ಮೇಡಂ ತಾವಾಗಿಯೇ ಆಫೀಸಿಗೆ ಬಂದು ಅವರೆದುರು ಕೂತರು. ಅಂದು ಸಭೆ ಒಪ್ಪಿದ್ದರೂ ಗೇಟು ಏಳಲು ಎರಡು ವರ್ಷವಾದರೂ ಬೇಕಿತ್ತು, ರಾಜ್ಯದ ಕೆಲಸ ನಿಧಾನ, ಆ ಸಾವು ತಪ್ಪುತ್ತಿರಲಿಲ್ಲ ಎಂದು ನಿಧಾನವಾಗಿ ವಿವರಿಸಿದರು. ಅದು ನಿಜವೋ, ಎದುರಿಗಿದ್ದ ಮನುಷ್ಯನನ್ನು ಉಳಿಸಿಕೊಳ್ಳಲು ಹೇಳಿದ್ದೋ, ನಾನು ಯಾವತ್ತೂ ಕೇಳಲಿಲ್ಲ. ಜಾಫರ್ ಭಾಯಿ ತಲೆಯಾಡಿಸಿದರು. ಅಂದಿನಿಂದ ಮೊಹರನ್ನು ಮೇಜಿನ ಡ್ರಾಯರಿನೊಳಗೆ ಇಡತೊಡಗಿದರು, ಬೇಕಾದಾಗ ಮಾತ್ರ ಹೊರಗೆ. ಅವರ ದೊಡ್ಡ ನಗುವೂ ಅದರ ಜೊತೆ ಒಳಗೆ ಹೋಯಿತು.

ಆ ಚಳಿಗಾಲಕ್ಕೆ ಮುಂಚೆ ಅಲ್ಲಿ ಕೌಂಟಿ ಚುನಾವಣೆ ಬಂತು. ಮನವಿ ಎತ್ತಿ ತೋರಿಸಿದ ಸದಸ್ಯನ ಎದುರು ಅದೇ ಊರಿನ ಶಾಲಾ ಬಸ್ಸಿನ ಚಾಲಕಿಯೊಬ್ಬಳು ನಿಂತಿದ್ದಳು. ಗೇಟು ಬೇಕು ಎನ್ನುವವಳು. ಮೇಡಂ ದಿನವೂ ಸಂಜೆ ಊರವರಿಗೆ ಒಬ್ಬೊಬ್ಬರಿಗಾಗಿ ಫೋನು ಮಾಡಿ, ದಯವಿಟ್ಟು ಹೋಗಿ ಮತ ಹಾಕಿ ಎಂದು ಕೇಳಿಕೊಳ್ಳುತ್ತಿದ್ದರು. ಕೆಲವರು ಫೋನಿಡುತ್ತಿದ್ದರು. ಕೆಲವರು ರೂತಳ ಬಗ್ಗೆ ಮಾತನಾಡಿ ಅಳುತ್ತಿದ್ದರು. ಮೇಡಂನ ಸ್ವಂತ ಮತಪತ್ರ ಬಂದದ್ದು ತಡವಾಯಿತು. ಅವರ ರಾಜ್ಯದಲ್ಲಿ ಕಾಗದದ ಮತಪತ್ರವೇ ವಾಪಸು ಹೋಗಬೇಕಂತೆ. ಅಭಾದ ಅಂಚೆಯನ್ನು ನಂಬಲು ಅವರಿಗೆ ಧೈರ್ಯವಾಗಲಿಲ್ಲ. ಜಿದ್ದಾದಲ್ಲಿರುವ ಅಮೆರಿಕದ ಕಾನ್ಸುಲೇಟಿಗೆ ಮುಟ್ಟಿಸಿದರೆ ಅವರದೇ ಅಂಚೆ ಚೀಲದಲ್ಲಿ ಹೋಗುತ್ತಿತ್ತು. ವಿಮಾನದಲ್ಲಿ ಸೀಟಿರಲಿಲ್ಲ, ಶಾಲಾ ರಜೆಯ ನೂಕುನುಗ್ಗಲು.

“ಯಲ್ಲಾ, ಹೊರಡಿ, ನಾನು ಕರ್ಕೊಂಡು ಹೋಗ್ತೇನೆ” ಎಂದರು ಜಾಫರ್ ಭಾಯಿ.

ಅವರ ಹೆಂಡತಿ ಜುಬೇದಾ, ಮೇಡಂ ಹಿಂದಿನ ಸೀಟಿನಲ್ಲಿ, ನಾನು ಮುಂದೆ. ನಸುಕಿನಲ್ಲೇ ಹೊರಟೆವು. ಸುರಂಗದ ಮೇಲೆ ಸುರಂಗ ದಾಟಿ ಘಾಟಿ ಇಳಿದಂತೆ ಮಂಜು ಹೋಗಿ ಬಿಸಿಗಾಳಿ ಶುರುವಾಯಿತು. ದರ್ಬ್ ಊರು ದಾಟಿ ಸಮುದ್ರದ ಬದಿಯ ರಸ್ತೆ ಹಿಡಿದೆವು. ಮೇಡಂ ಲಕೋಟೆಯನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಜುಬೇದಾ ಬಿರಿಯಾನಿ ಬಡಿಸಿದಾಗಲೂ ಒಂದು ಕೈ ಅದರ ಮೇಲೆಯೇ ಇತ್ತು. ಕುನ್ಫುದಾದ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಜಾಫರ್ ಭಾಯಿ ತಡೆಯಲಾರದೆ ಕೇಳಿದರು.

“ಮೇಡಂ, ಒಂದು ಓಟಿಗೋಸ್ಕರ ಇಷ್ಟು ದೂರವಾ?”

“ಒಂದೇ ಇರುವುದು ನನ್ನ ಹತ್ತಿರ” ಎಂದರು ಮೇಡಂ. ಆಮೇಲೆ ನಮ್ಮಿಬ್ಬರನ್ನೂ ನೋಡಿ, “ನೀವು ನಿಮ್ಮ ದೇಶಕ್ಕೆ ಹೇಗೆ ಮತ ಹಾಕುತ್ತೀರಿ?” ಎಂದು ಕೇಳಿದರು.

ಖುದ್ದಾಗಿ ಹೋಗಬೇಕು, ಹೋಗಲು ಆಗಿಲ್ಲ, ಇಲ್ಲಿ ನಾವು ಪ್ರಜೆಗಳಲ್ಲ ಎಂದು ನಾನು ಹೇಳಿದೆ. ಮುದೀರ್ ಹೇಳಿದ ಹೋಲಿಕೆ ಬೇಡವೆಂಬ ಮಾತು ನೆನಪಾಗಿ ಅಲ್ಲಿಗೆ ನಿಲ್ಲಿಸಿದೆ. ಮೇಡಂಗೆ ನಂಬಲಾಗಲಿಲ್ಲ. ಇಷ್ಟು ವರ್ಷ ಇದನ್ನೇ ಪಾಠ ಮಾಡಿದವನಲ್ಲವೇ ನಾನು?

“ಹಾಗಾದರೆ ನಿಮಗೆ ಏನಾದರೂ ಬೇಕಾದರೆ ಯಾರಿಗೆ ಹೇಳುತ್ತೀರಿ?”

ಜಾಫರ್ ಭಾಯಿ ಲೋಟದೊಳಗೆ ನೋಡುತ್ತಾ, “ಅಲ್ಲಾಹನಿಗೆ ಮೇಡಂ. ಅವನಿಗೆ ಮೊಹರು ಬೇಡ” ಎಂದರು. ಜುಬೇದಾ ನಕ್ಕರು, ನಾನೂ ನಕ್ಕೆ. ಮೇಡಂ ನಗಲಿಲ್ಲ. ನನಗೂ ಒಳಗೆ ಅಳುವೇ ಬರುತ್ತಿತ್ತು. ನನ್ನ ಹರೆಯವೆಲ್ಲ ಇನ್ನೊಬ್ಬರ ಮನೆಯ ಅಡುಗೆಯನ್ನು ಬಣ್ಣಿಸುತ್ತಾ ಹಸಿದು ಕೂತಂತೆ ಕಳೆಯಿತಲ್ಲ ಎಂದು ಆ ರಸ್ತೆ ಬದಿಯಲ್ಲಿ ಮೊದಲ ಸಲ ಅನ್ನಿಸಿತು.

ಕಚೇರಿ ಮುಚ್ಚುವ ಮುಂಚೆ ಜಿದ್ದಾ ಮುಟ್ಟಿ ಲಕೋಟೆ ಒಪ್ಪಿಸಿದೆವು. ಬಸ್ಸಿನ ಚಾಲಕಿ ಕೂದಲೆಳೆಯ ಅಂತರದಲ್ಲಿ ಗೆದ್ದಳು. ಮೇಡಂನ ಮತ ಸಮಯಕ್ಕೆ ತಲುಪಿ ಎಣಿಕೆಗೆ ಸೇರಿತೋ ಇಲ್ಲವೋ ನಮಗೆ ಗೊತ್ತಾಗಲಿಲ್ಲ, ಜಾಫರ್ ಭಾಯಿಗೆ ಮಾತ್ರ ಸಂಶಯವೇ ಇರಲಿಲ್ಲ. ಬಜೆಟ್ ಸಭೆಯಲ್ಲಿ ಪ್ರಸ್ತಾಪ ಪಾಸಾಯಿತು. ಅದಾದ ಮೇಲೆ ರಾಜ್ಯದ ಕಾಗದ, ರೈಲು ಕಂಪನಿಯ ಕಾಗದ. ಅಷ್ಟರಲ್ಲಿ ಮೇಡಂ ನಿವೃತ್ತರಾಗಿ ತಮ್ಮೂರಿಗೆ ಹೋದರು. ಬೀಳ್ಕೊಡುಗೆಯಲ್ಲಿ ಮಕ್ಕಳು ಮೂರು ಮೂರು ನಿಮಿಷ ಮಾತನಾಡಿದರು, ಗಂಟೆ ಬಾರಿಸಲು ಯಾರಿಗೂ ಮನಸ್ಸು ಬರಲಿಲ್ಲ.

ನನ್ನ ನಿವೃತ್ತಿಗೆ ಕೆಲವು ವಾರ ಮುಂಚೆ ಅವರ ವಿಡಿಯೋ ಕರೆ ಬಂತು. ನಾನು ಫೋನು ಹಿಡಿದು ಜಾಫರ್ ಭಾಯಿಯ ಆಫೀಸಿಗೆ ಓಡಿದೆ. ಅಲ್ಲಿ ಬೆಳಗು, ಇಲ್ಲಿ ಸಂಜೆಯ ಮಗ್ರಿಬ್‌ಗೆ ಹತ್ತಿರ. ಮೇಡಂ ತುಂಬ ಇಳಿದುಹೋಗಿದ್ದರು. ಕ್ಯಾಮೆರಾ ತಿರುಗಿಸಿದರು. ಎರಡು ಬದಿಗೂ ಜೋಳ, ನಡುವೆ ರಸ್ತೆ, ಹೊಸ ಕಂಬ. ಗಂಟೆ ಹೊಡೆಯತೊಡಗಿತು, ಕೆಂಪು ದೀಪ ಮಿನುಗಿತು, ಗೇಟು ನಿಧಾನವಾಗಿ ಕೆಳಗಿಳಿಯಿತು. ಒಂದು ಕಾರು ನಿಂತಿತು, ಅದರ ಹಿಂದೆ ಇನ್ನೊಂದು. ಗೂಡ್ಸ್ ರೈಲು ಬಂತು, ಮುಗಿಯದ ಹಾಗೆ ಹೋಗುತ್ತಲೇ ಇತ್ತು.

ಜಾಫರ್ ಭಾಯಿ ಕುರ್ಚಿಯಿಂದ ಎದ್ದು ನಿಂತರು, ಜನಾಜಾದ ಶವಯಾತ್ರೆ ಹೋಗುವಾಗ ನಿಲ್ಲುವ ಹಾಗೆ. ನಾನೂ ನಿಂತೆ.

ರೈಲು ದಾಟಿ ಗೇಟು ಮೇಲೆದ್ದಿತು, ಕಾರುಗಳು ಹೋದವು. ಮೇಡಂ ಮುಖ ತೋರಿಸಿದರು. ಅಳುತ್ತಿದ್ದರು. “ನನಗೆ ಇನ್ನೂ ಇದನ್ನು ದಾಟಲು ಆಗುವುದಿಲ್ಲ” ಎಂದರು. “ಸುತ್ತುದಾರಿಯಲ್ಲೇ ಹೋಗುತ್ತೇನೆ.”

ಜಾಫರ್ ಭಾಯಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಮೇಡಂ, ಆ ಹಾಲಿನ ಗಾಡಿಯವನು. ಅವನ ಹೆಸರು ಎಂತ?”

ಮೇಡಂ ಕಣ್ಣೊರೆಸಿಕೊಂಡು, “ಡೆನಿಸ್” ಎಂದರು.

“ಡೆನಿಸ್” ಎಂದರು ಜಾಫರ್ ಭಾಯಿ. ಮತ್ತೆ ನನ್ನ ಕಡೆ ತಿರುಗಿ, “ನಮ್ಮ ಊರಲ್ಲೂ ಒಬ್ಬ ಡೆನಿಸ್ ಇದ್ದ ಮಾಸ್ಟ್ರೇ, ಬೇಕರಿಯವ. ನಾನು ಸಣ್ಣವ ಇರುವಾಗ ಬಿಸ್ಕೂಟು ಕೊಡ್ತಿದ್ದ” ಎಂದರು. ಮಗ್ರಿಬ್ ಬಾಂಗ್ ಆಯಿತು. ಮೇಡಂಗೆ ಸಲಾಂ ಹೇಳಿ ಫೋನನ್ನು ನನಗೆ ಕೊಟ್ಟು, ಆ ಹೆಸರನ್ನು ಮರೆಯದಂತೆ ಮೆಲ್ಲಗೆ ಹೇಳಿಕೊಳ್ಳುತ್ತಾ ಅವರು ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡಲು ಹೋದರು.